ಫಿಟ್ಸ್ ಫೈಲನ್ನು ಟಿಫ್ ಮಾಡಿದರೆ ನಕ್ಷತ್ರದೊಳಗೆ ಕಪ್ಪು ಉಂಗುರ ಬರುತ್ತಿದೆ, ಯಾಕೆ?

ಮುಗಿಲುನೋಟ

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಒಂದೇ ಕೆಲಸಕ್ಕೆ ಕೂತಿದ್ದೇನೆ, ದಾರಿ ಕಾಣುತ್ತಿಲ್ಲ.

ಇಷ್ಟು ವರ್ಷ ಡಿಎಸ್‌ಎಲ್‌ಆರ್‌ನಲ್ಲಿ ಆಕಾಶದ ಫೋಟೋ ತೆಗೆಯುತ್ತಿದ್ದೆ. ಈಗ ಮೊದಲ ಸಲ ಖಗೋಳ ಕ್ಯಾಮೆರಾ ಕೈಗೆ ಬಂದಿದೆ. ಬಣ್ಣದ್ದು, 20 ಮೆಗಾಪಿಕ್ಸೆಲ್, ಸೆನ್ಸರ್ ತಂಪಾಗಿಡುವಂಥದ್ದು. ಹೋದ ವಾರ ಮೋಡವಿಲ್ಲದ ಒಂದು ರಾತ್ರಿ ಸಿಕ್ಕಿತು. ಮಹಾವ್ಯಾಧನ ನೀಹಾರಿಕೆ, ಎಂ42, 60 ಸೆಕೆಂಡಿನ 96 ಫ್ರೇಮು ತೆಗೆದೆ. ಗಾಳಿ ಇರಲಿಲ್ಲ. ಗೈಡಿಂಗ್ (ಟೆಲಿಸ್ಕೋಪು ನಕ್ಷತ್ರವನ್ನು ಹಿಂಬಾಲಿಸೋದು) ಚೆನ್ನಾಗಿತ್ತು. ನಕ್ಷತ್ರಗಳು ದುಂಡಗೆ ಬಂದಿವೆ. ಇಷ್ಟು ಒಳ್ಳೆಯ ಫ್ರೇಮುಗಳು ನನಗೆ ಹಿಂದೆಂದೂ ಸಿಕ್ಕಿರಲಿಲ್ಲ. ಅದಕ್ಕೇ ಕೈತಪ್ಪಿ ಕೆಡಿಸಿಬಿಡುತ್ತೇನೇನೋ ಅನ್ನೋ ಭಯ.

ಕ್ಯಾಮೆರಾ ಎಲ್ಲವನ್ನೂ ಫಿಟ್ಸ್ ಫೈಲಾಗಿ, ಅಂದರೆ ಖಗೋಳ ಚಿತ್ರಗಳಿಗೆ ಬಳಸುವ ರೂಪದಲ್ಲಿ, ಕೊಟ್ಟಿದೆ. ನಾನು ಬಳಸುವ ಫೋಟೋ ಎಡಿಟರ್‌ಗೆ ಫಿಟ್ಸ್ ಗೊತ್ತಿಲ್ಲ. ಹಾಗಾಗಿ ಮೊದಲು ಎಲ್ಲವನ್ನೂ ಟಿಫ್ ಮಾಡಿಕೊಳ್ಳೋಣ ಅಂತ ಹೊರಟೆ. ಮೂರು ಥರ ಪ್ರಯತ್ನ ಮಾಡಿದೆ, ಮೂರೂ ಒಂದೊಂದು ಥರ ಕೆಟ್ಟವು.

ಮೊದಲು ಒಂದು ಚಿಕ್ಕ ಪರಿವರ್ತಕ ತಂತ್ರಾಂಶದಲ್ಲಿ ಮಾಡಿದೆ. ಆಕಾಶ ಕಪ್ಪಗಿರಬೇಕಾದದ್ದು ಬೂದು ಬಣ್ಣಕ್ಕೆ ಬಂತು. ಅದಕ್ಕಿಂತ ವಿಚಿತ್ರ ಅಂದರೆ ನಕ್ಷತ್ರಗಳು. ದೊಡ್ಡ ನಕ್ಷತ್ರವನ್ನು ಹಿಗ್ಗಿಸಿ ನೋಡಿದರೆ ಹೊರಗೆ ಬಿಳಿ ಬಳೆ, ಅದರೊಳಗೆ ಕಡುಗಪ್ಪು ಬಳೆ, ನಟ್ಟನಡುವೆ ಮತ್ತೆ ಬೂದು ಚುಕ್ಕಿ. ನೀಹಾರಿಕೆಯ ನಡುವೆಯೂ ಹೀಗೇ ಕಪ್ಪು ಕಲೆ.

ಆಮೇಲೆ ಸಿರಿಲ್ ಅನ್ನೋ ಖಗೋಳ ಚಿತ್ರಗಳ ತಂತ್ರಾಂಶದಲ್ಲಿ ತೆರೆದೆ. ಪರದೆ ಮೇಲೆ ಎಷ್ಟು ಚೆಂದ ಕಂಡಿತು ಅಂದರೆ ಮನೆಯವರನ್ನೆಲ್ಲ ಕರೆದು ತೋರಿಸಿದೆ. ಜೆಪೆಗ್ ಆಗಿ ಉಳಿಸಿ ತೆರೆದರೆ ಬರೀ ಕತ್ತಲು. ನಾಲ್ಕಾರು ನಕ್ಷತ್ರ, ನಡುವೆ ಒಂದು ಬಿಳಿ ಚುಕ್ಕೆ, ಅಷ್ಟೇ.

ಮೂರನೇ ಸಲ ಇನ್ನೊಂದು ತಂತ್ರಾಂಶದಲ್ಲಿ 96 ಫ್ರೇಮನ್ನೂ ಟಿಫ್ ಮಾಡಿ, ಆ ಟಿಫ್‌ಗಳನ್ನೇ ಡಿಬೇಯರ್ ಮಾಡಿ (ಸೆನ್ಸರ್‌ನ ಚೌಕಳಿಯಿಂದ ಬಣ್ಣ ಕಟ್ಟಿ) ಸ್ಟ್ಯಾಕ್ ಮಾಡಿದೆ (ಒಂದರ ಮೇಲೊಂದು ಜೋಡಿಸಿ ಸರಾಸರಿ ತೆಗೆದೆ). ಈ ಸಲ ಬೆಳಕೇನೋ ಸರಿ ಇತ್ತು, ಬಣ್ಣ ಕೆಟ್ಟಿತು. ಕೆಂಪಗಿರಬೇಕಾದ ನೀಹಾರಿಕೆ ಹಸಿರು. ಆಕಾಶವೆಲ್ಲ ನೇರಳೆ ಕಲಸಿದ ಗುಲಾಬಿ. ಚಿತ್ರ ತಲೆಕೆಳಗಾಗಿಯೂ ಇದೆ.

ಉಪಯೋಗಕ್ಕೆ ಬರಬಹುದು ಅಂತ ಮೂಲ ಫಿಟ್ಸ್‌ನಲ್ಲಿ ಕೆಲವು ಪಿಕ್ಸೆಲ್ ನೋಡಿದೆ. ಖಾಲಿ ಆಕಾಶದಲ್ಲಿ ಜಾಸ್ತಿ ಕಾಣುವ ಸಂಖ್ಯೆ 1280. ನೀಹಾರಿಕೆಯ ಹೊರಗಿನ ತೆಳು ರೆಕ್ಕೆ ಇರುವ ಕಡೆ 1392ರ ಆಸುಪಾಸು. ನಡುವಿನ ಉರಿಯುವ ಭಾಗದಲ್ಲಿ 65520. ಅದಕ್ಕಿಂತ ಮೇಲೆ ಎಲ್ಲೂ ಹೋಗಿಲ್ಲ.

ಇನ್ನೊಂದು ಮಾತು. ಒಂದೊಂದು ಫೈಲು 40 ಎಂಬಿ ಇದೆ, ಡಿಸ್ಕ್ ತುಂಬುತ್ತಾ ಬಂತು. ಟಿಫ್ ಸರಿಯಾಗಿ ಬಂದ ತಕ್ಷಣ ಫಿಟ್ಸ್ ಅಳಿಸಿಬಿಡೋಣ ಅಂತಿದ್ದೇನೆ. ಸರಿ ಅಲ್ವಾ?

ಹಳೇ ಟ್ರೈಪಾಡು

ದಯವಿಟ್ಟು ಏನನ್ನೂ ಅಳಿಸಬೇಡಿ. ಮಿಕ್ಕಿದ್ದನ್ನು ಆಮೇಲೆ ಓದಿದರೂ ಪರವಾಗಿಲ್ಲ, ಮೊದಲು ಆ 96 ಫೈಲನ್ನು ಇನ್ನೊಂದು ಕಡೆ ಪ್ರತಿ ಮಾಡಿಟ್ಟು ಬನ್ನಿ.

ಮೂರು ತೊಂದರೆಗೂ ಮೂರು ಬೇರೆ ಬೇರೆ ಕಾರಣ. ನಿಮ್ಮ ಫ್ರೇಮುಗಳಿಗೆ ಏನೂ ಆಗಿಲ್ಲ.

ಉಂಗುರದ ವಿಷಯ ಓದುತ್ತಿದ್ದ ಹಾಗೇ ಗೊತ್ತಾಯಿತು, ಯಾಕಂದರೆ ಕಪ್ಪು ಬಳೆಯ ನಡುವೆ ಬೂದು ಚುಕ್ಕಿ ಬರೋದು ಹೆಚ್ಚುಕಡಿಮೆ ಒಂದೇ ಕಾರಣಕ್ಕೆ. ಫಿಟ್ಸ್ 1981ರಲ್ಲಿ ಪ್ರಕಟವಾದ ರೂಪ. ಅದರಲ್ಲಿ 16 ಬಿಟ್ಟಿನ ಪೂರ್ಣಾಂಕ ಅಂದರೆ ಋಣ, ಧನ ಎರಡೂ ಇರುವ ಸಂಖ್ಯೆ: ಮೈನಸ್ 32768ರಿಂದ 32767ರವರೆಗೆ. ನಮ್ಮ ಕ್ಯಾಮೆರಾ ಕೊಡೋದು 0ಯಿಂದ 65535ರವರೆಗೆ. ಅದನ್ನು ಹಿಡಿಸಲು ಪ್ರತಿ ಸಂಖ್ಯೆಯಿಂದ 32768 ಕಳೆದು ಬರೆಯುತ್ತಾರೆ. ಕಳೆದದ್ದು ಓದುವವರಿಗೆ ತಿಳಿಯಲಿ ಅಂತ ಹೆಡರ್‌ನಲ್ಲಿ, ಅಂದರೆ ಫೈಲಿನ ಮೇಲ್ಭಾಗದ ವಿವರಗಳಲ್ಲಿ, 'ಬಿಝೀರೋ = 32768' ಅಂತ ಒಂದು ಸಾಲು ಹಾಕುತ್ತಾರೆ. ಓದುವಾಗ ಇಷ್ಟು ಕೂಡಿಸಿಕೊಳ್ಳಿ ಅಂತ ಅದರ ಅರ್ಥ. ನೀವು ಬಳಸಿದ ಪರಿವರ್ತಕ ಆ ಸಾಲನ್ನು ಓದಲಿಲ್ಲ. ಋಣ ಚಿಹ್ನೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ನಿಮ್ಮ ಸಂಖ್ಯೆಗಳನ್ನೇ ಹಾಕಿ ನೋಡೋಣ. ಆಕಾಶ 1280. ಫೈಲಿನಲ್ಲಿ ಅದು ಮೈನಸ್ 31488. ಅದೇ 16 ಬಿಟ್ಟುಗಳನ್ನು ಚಿಹ್ನೆ ಇಲ್ಲದೆ ಓದಿದರೆ 34048. ಅರ್ಧ ಬೆಳಕು, ಅಂದರೆ ಬೂದು. ನಕ್ಷತ್ರದ ಅಂಚಿನಿಂದ ಒಳಗೆ ಹೋದಂತೆ ಸಂಖ್ಯೆ ಏರುತ್ತದೆ. ನಿಜವಾದ ಬೆಲೆ 32767 ಮುಟ್ಟಿದಾಗ ನಿಮ್ಮ ಟಿಫ್‌ನಲ್ಲಿ 65535, ಅಪ್ಪಟ ಬಿಳಿ. ಇನ್ನು ಒಂದೇ ಒಂದು ಏರಿ 32768 ಆದರೆ ಟಿಫ್‌ನಲ್ಲಿ ಸೊನ್ನೆ, ಅಪ್ಪಟ ಕಪ್ಪು. ಅಲ್ಲಿಂದ ಮತ್ತೆ ಮೊದಲಿನಿಂದ ಏರುತ್ತಾ ನಡುಮಧ್ಯದ 65520 ಬಂದು ನಿಲ್ಲೋದು 32752ಕ್ಕೆ, ಆಕಾಶದಷ್ಟೇ ಬೂದು. ಬಿಳಿ ಬಳೆ, ಕಪ್ಪು ಬಳೆ, ಬೂದು ಚುಕ್ಕಿ. ನೀವು ಬರೆದದ್ದು ಅಚ್ಚು ಹಾಗೇ ಇದೆ ನೋಡಿ.

ಎರಡನೆಯದು ತಪ್ಪೇ ಅಲ್ಲ. ಸೆನ್ಸರ್‌ಗೆ ಎರಡು ಪಟ್ಟು ಬೆಳಕು ಬಿದ್ದರೆ ಎರಡು ಪಟ್ಟು ಸಂಖ್ಯೆ. ಇದನ್ನೇ ಲೀನಿಯರ್ ಅಂತೀವಿ. 65535ರಲ್ಲಿ 1280 ಅಂದರೆ ನೂರಕ್ಕೆ ಎರಡೂ ಆಗಲಿಲ್ಲ. ಪರದೆಯಲ್ಲಿ ಅದು ಕತ್ತಲೆಯೇ. ಸಿರಿಲ್ ನಿಮಗೆ ತೋರಿಸಿದ ಚೆಂದದ ಚಿತ್ರ ಆಟೋಸ್ಟ್ರೆಚ್, ಅಂದರೆ ಮಂಕು ಭಾಗವನ್ನು ತಾನಾಗಿ ಬೆಳಗಿಸಿ ತೋರಿಸೋದು, ಬರೀ ನೋಡೋದಕ್ಕೆ ಹಾಕಿಕೊಂಡ ಕನ್ನಡಕ ಇದ್ದ ಹಾಗೆ. ಉಳಿಸುವಾಗ ಅದು ಕನ್ನಡಕವನ್ನು ಉಳಿಸೋದಿಲ್ಲ, ಕೆಳಗಿರುವ ಸಂಖ್ಯೆಗಳನ್ನು ಉಳಿಸುತ್ತದೆ.

ಆ ಕಪ್ಪು ಜೆಪೆಗ್ ಅನ್ನು ಆಮೇಲೆ ಎಡಿಟರ್‌ನಲ್ಲಿ ಬೆಳಗಿಸಿದರಾಯಿತು ಅಂದುಕೊಳ್ಳಬೇಡಿ. ನಷ್ಟ ಆಗೋದು ಇಲ್ಲೇ. ಜೆಪೆಗ್ ಅಂದರೆ 8 ಬಿಟ್, 256 ಮೆಟ್ಟಿಲು. ನಿಮ್ಮ 16 ಬಿಟ್ಟಿನ ಸಂಖ್ಯೆಯನ್ನು 256ರಿಂದ ಭಾಗಿಸಿ. ಖಾಲಿ ಆಕಾಶ: 1280 ಭಾಗ 256, ಸರಿಯಾಗಿ 5. ತೆಳು ರೆಕ್ಕೆ: 1392 ಭಾಗ 256, ಐದೂವರೆಗೂ ಕಡಿಮೆ, ಅದೂ 5. ರೆಕ್ಕೆಗೂ ಆಕಾಶಕ್ಕೂ ಇದ್ದ ವ್ಯತ್ಯಾಸ ಪೂರ್ತಿ ಹೋಯಿತು. ಆಮೇಲೆ ಎಷ್ಟು ಎಳೆದರೂ 5 ಮತ್ತು 5 ಒಟ್ಟೊಟ್ಟಿಗೇ ಏರುತ್ತವೆ. ಒಂದು ಗಂಟೆ ಮೂವತ್ತಾರು ನಿಮಿಷ ಕೂಡಿಸಿದ ಬೆಳಕು ಅದು.

ಮೂರನೆಯದು ಸ್ವಲ್ಪ ಸೂಕ್ಷ್ಮ. ನಿಮ್ಮ ಸೆನ್ಸರ್ ಮೇಲೆ ಕೆಂಪು, ಹಸಿರು, ನೀಲಿ ಸೋಸುಕಗಳು ಚೌಕಳಿಯಾಗಿ ಕೂತಿವೆ. ಮೊದಲ ಸಾಲು ಕೆಂಪು ಹಸಿರು ಕೆಂಪು ಹಸಿರು, ಎರಡನೇ ಸಾಲು ಹಸಿರು ನೀಲಿ ಹಸಿರು ನೀಲಿ. ಹೆಡರ್‌ನಲ್ಲಿ 'ಬೇಯರ್‌ಪ್ಯಾಟ್ = ಆರ್‌ಜಿಜಿಬಿ' ಅಂತ ಇರುತ್ತದೆ. ಈಗ ಚಿತ್ರ ತಲೆಕೆಳಗಾದರೆ? ಸಾಲುಗಳ ಒಟ್ಟು ಸಂಖ್ಯೆ ಸಮ ಇರುವುದರಿಂದ ಮೊದಲ ಸಾಲಿಗೆ ಹಸಿರು ನೀಲಿ ಬಂದು ಕೂರುತ್ತದೆ. ಅಂದರೆ ಅದು ಈಗ ಜಿಬಿಆರ್‌ಜಿ. ತಂತ್ರಾಂಶ ಮಾತ್ರ ಹಳೇ ಆರ್‌ಜಿಜಿಬಿ ಲೆಕ್ಕದಲ್ಲೇ ಬಣ್ಣ ಕಟ್ಟುತ್ತದೆ. ಆಗ ಹಸಿರಿನ ಬೆಳಕು ಕೆಂಪಿಗೂ ನೀಲಿಗೂ ಹೋಗುತ್ತದೆ, ಕೆಂಪು ಮತ್ತು ನೀಲಿಯ ಬೆಳಕು ಹಸಿರಿಗೆ ಬರುತ್ತದೆ. ಎಂ42ರಲ್ಲಿ ಜಲಜನಕದ ಕೆಂಪು ಬೆಳಕು ಜಾಸ್ತಿ, ಅದು ಹಸಿರಾಯಿತು. ಆಕಾಶದಲ್ಲಿ ಹಸಿರು ಸೋಸುಕದ ಬೆಳಕು ಜಾಸ್ತಿ, ಅದು ಗುಲಾಬಿಯಾಯಿತು.

ತಲೆಕೆಳಗಾಗಿದ್ದು ಯಾಕೆ ಅಂದರೆ, ಫಿಟ್ಸ್‌ನಲ್ಲಿ ಮೊದಲ ಸಾಲು ಚಿತ್ರದ ಕೆಳಗಿನದು ಅನ್ನೋದು ಹಳೆಯ ರೂಢಿ. ಟಿಫ್‌ನಲ್ಲಿ ಸಾಮಾನ್ಯವಾಗಿ ಮೊದಲ ಸಾಲು ಮೇಲಿನದು. ಕೆಲವು ಕ್ಯಾಮೆರಾ ತಂತ್ರಾಂಶಗಳು ಫಿಟ್ಸ್ ಅನ್ನೂ ಮೇಲಿನಿಂದಲೇ ಬರೆಯುತ್ತವೆ. ಗೊಂದಲ ಬೇಡ ಅಂತ ಈಗ 'ರೋಆರ್ಡರ್' ಅನ್ನೋ ಸಾಲು ಹಾಕುವ ಪದ್ಧತಿ ಬಂದಿದೆ. ನಿಮ್ಮ ಹೆಡರ್‌ನಲ್ಲಿ ಅದು ಇದೆಯಾ ನೋಡಿ. ಟಿಫ್ ಮಾಡಿದ ಮೇಲಂತೂ ಬೇಯರ್‌ಪ್ಯಾಟ್ ಸಾಲೂ ಇಲ್ಲ, ರೋಆರ್ಡರ್ ಸಾಲೂ ಇಲ್ಲ. ಮುಂದಿನ ತಂತ್ರಾಂಶ ಊಹೆ ಮಾಡಬೇಕಷ್ಟೆ.

ಹಾಗಾಗಿ ನನ್ನ ಸಲಹೆ: ಬಿಡಿ ಫ್ರೇಮುಗಳನ್ನು ಟಿಫ್ ಮಾಡಲೇಬೇಡಿ. ಡಾರ್ಕ್ (ಮುಚ್ಚಳ ಹಾಕಿ ತೆಗೆದ ಕತ್ತಲೆಯ ಫ್ರೇಮು) ಕಳೆಯೋದು, ಫ್ಲ್ಯಾಟ್ (ಸಮನಾದ ಬೆಳಕಿನ ಫ್ರೇಮು) ಭಾಗಿಸೋದು, ಡಿಬೇಯರ್, ಜೋಡಿಸೋದು, ಸ್ಟ್ಯಾಕ್ ಎಲ್ಲವೂ ಸಿರಿಲ್ ಒಳಗೆ ಫಿಟ್ಸ್‌ನಲ್ಲೇ ನಡೆಯಲಿ. ಸ್ಟ್ಯಾಕ್ ಆದ ಚಿತ್ರವನ್ನು 32 ಬಿಟ್ ದಶಮಾಂಶದ ಫಿಟ್ಸ್ ಆಗಿ ಒಂದು ಪ್ರತಿ ಇಡಿ. ಇದಕ್ಕೆ ಕಾರಣ ಇದೆ. ನಿಮ್ಮ ಕ್ಯಾಮೆರಾ 12 ಬಿಟ್ಟಿನದು. ಅದು ಕೊಡೋದು 0ಯಿಂದ 4095, ಅದನ್ನು 16ರಿಂದ ಗುಣಿಸಿ ಬರೆಯುತ್ತದೆ. ಅದಕ್ಕೇ ನಿಮ್ಮ ಗರಿಷ್ಠ 65520, 4095 ಗುಣಿಸು 16. ಆಕಾಶ 80, ರೆಕ್ಕೆ 87, ನಡುವೆ ಬರೀ ಏಳು ಮೆಟ್ಟಿಲು. 96 ಫ್ರೇಮಿನ ಸರಾಸರಿ ತೆಗೆದಾಗ ನಾಯ್ಸ್ (ಸಂಖ್ಯೆಗಳ ಅಡ್ಡಾದಿಡ್ಡಿ ಏರಿಳಿತ) ಸುಮಾರು ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ, 80 ಮತ್ತು 81ರ ನಡುವಿನ ಬೆಲೆಗಳೂ ಹುಟ್ಟುತ್ತವೆ. ಅವನ್ನು ಹಿಡಿದಿಡಲು ದಶಮಾಂಶ ಬೇಕು.

ಆಮೇಲೆ ಹಿನ್ನೆಲೆ, ಬಣ್ಣ ಸರಿಮಾಡಿ, ಹಿಸ್ಟೋಗ್ರಾಂ ಕಿಟಕಿಯಲ್ಲಿ ನಿಜವಾಗಿ ಸ್ಟ್ರೆಚ್ ಮಾಡಿ. ನೋಟವನ್ನು ಆಟೋಸ್ಟ್ರೆಚ್‌ನಿಂದ ಲೀನಿಯರ್‌ಗೆ ತಿರುಗಿಸಿದಾಗಲೂ ಚಿತ್ರ ಚೆನ್ನಾಗಿ ಕಂಡರೆ ಸ್ಟ್ರೆಚ್ ಆಗಿದೆ ಅಂತ ಅರ್ಥ. ಈಗ 16 ಬಿಟ್ ಟಿಫ್ ಮಾಡಿ ನಿಮ್ಮ ಎಡಿಟರ್‌ಗೆ ಕೊಡಿ. 32 ಬಿಟ್ ಟಿಫ್ ಬೇಡ, ಕೆಲವು ಎಡಿಟರ್‌ಗಳು ಅದನ್ನು ತೆರೆಯುವುದೇ ಇಲ್ಲ. ಜೆಪೆಗ್ ಕಟ್ಟಕಡೆಗೆ, ಯಾರಿಗಾದರೂ ಕಳಿಸುವಾಗ.

ಡಿಸ್ಕ್ ತುಂಬುತ್ತಿದ್ದರೆ ಎಫ್‌ಪ್ಯಾಕ್ ಅಂತ ಇದೆ. ಫಿಟ್ಸ್ ಅನ್ನು ಫಿಟ್ಸ್ ಆಗಿಯೇ ಇಟ್ಟು ಕುಗ್ಗಿಸುತ್ತದೆ. ನಿಮ್ಮ ಬಿಡಿ ಫ್ರೇಮಿನಂಥ ಪೂರ್ಣಾಂಕದ ಫೈಲಿನಲ್ಲಿ ಒಂದು ಸಂಖ್ಯೆಯೂ ಬದಲಾಗೋದಿಲ್ಲ, ಹೆಡರ್ ಓದೋದಕ್ಕೂ ಸಿಗುತ್ತದೆ. ದಶಮಾಂಶದ ಸ್ಟ್ಯಾಕ್‌ಗೆ ಮಾತ್ರ ಹಾಗೇ ಬಳಸಬೇಡಿ, ಅಲ್ಲಿ ಸಂಖ್ಯೆಗಳನ್ನು ಸ್ವಲ್ಪ ದುಂಡು ಮಾಡುತ್ತದೆ.

ಕೃತ್ತಿಕೆ

ಮೇಲಿನವರು ಹೇಳಿದ್ದೆಲ್ಲ ಸರಿ. ಹೆಡರ್ ಬಗ್ಗೆ ನನ್ನದೊಂದು ಅನುಭವ ಹೇಳಲೇಬೇಕು, ಯಾಕಂದರೆ ನಾನು ಫಿಟ್ಸ್ ಅಳಿಸಿದವಳು.

2023ರ ಮೇ 18ರ ರಾತ್ರಿ ಎಂ101 ಗೆಲಾಕ್ಸಿ ತೆಗೆದಿದ್ದೆ. ಮರುದಿನ ಬೆಳಿಗ್ಗೆ ಎಲ್ಲವನ್ನೂ ಟಿಫ್ ಮಾಡಿ, ಜಾಗ ಇಲ್ಲ ಅಂತ ಫಿಟ್ಸ್ ಅಳಿಸಿದೆ. ಮೇ 19ರಂದು ಜಪಾನಿನ ಕೋಇಚಿ ಇತಗಾಕಿ ಅದೇ ಎಂ101ರಲ್ಲಿ ಸೂಪರ್ನೋವಾ, ಅಂದರೆ ಸಿಡಿದ ನಕ್ಷತ್ರ, ಕಂಡುಹಿಡಿದರು. ಅದರ ಹೆಸರು ಎಸ್‌ಎನ್ 2023ಐಎಕ್ಸ್‌ಎಫ್. ಸಿಡಿದ ಮೊದಲ ಗಂಟೆಗಳ ಬೆಳಕು ಯಾರ ಬಳಿಯಾದರೂ ಇದೆಯಾ ಅಂತ ಜಗತ್ತಿನ ಹವ್ಯಾಸಿಗಳೆಲ್ಲ ಹಳೆಯ ಫ್ರೇಮು ಹುಡುಕತೊಡಗಿದರು.

ನಾನೂ ಹುಡುಕಿದೆ. ಟಿಫ್‌ಗಳು ಇದ್ದವು. ಯಾವ ಫ್ರೇಮು ಎಷ್ಟು ಹೊತ್ತಿಗೆ ತೆಗೆದದ್ದು ಅನ್ನೋದು ಇರಲಿಲ್ಲ. ಫೈಲಿನ ತಾರೀಖು ನೋಡಿದರೆ ಎಲ್ಲದಕ್ಕೂ ಬೆಳಿಗ್ಗೆ ಪರಿವರ್ತನೆ ಮಾಡಿದ ಹೊತ್ತು. ಮೂಲ ಫಿಟ್ಸ್‌ನ 'ಡೇಟ್-ಆಬ್ಸ್' ಸಾಲಿನಲ್ಲಿ ಆ ಫ್ರೇಮು ಶುರುವಾದ ಹೊತ್ತು ಸೆಕೆಂಡಿನವರೆಗೆ ಇರುತ್ತದೆ, ಅದೂ ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಹೊತ್ತಿನಲ್ಲಿ. ನಿಮಿಷ ನಿಮಿಷಕ್ಕೂ ಬೆಲೆ ಇದ್ದ ದಿನ ನನ್ನ ಕೈಯಲ್ಲಿ ಹೊತ್ತು ಇಲ್ಲದ ಚಿತ್ರಗಳಿದ್ದವು. ಸೂಪರ್ನೋವಾ ಇದ್ದ ಜಾಗದಲ್ಲಿ ಏನಾದರೂ ಇತ್ತಾ ಅಂತ ಅಳೆಯೋಣ ಅಂದರೆ, ಟಿಫ್ ಮಾಡುವ ಮೊದಲೇ ಸ್ಟ್ರೆಚ್ ಮಾಡಿಬಿಟ್ಟಿದ್ದೆ. ಸ್ಟ್ರೆಚ್ ಮಾಡಿದ ಮೇಲೆ ಎರಡು ಪಟ್ಟು ಬೆಳಕು ಎರಡು ಪಟ್ಟು ಸಂಖ್ಯೆ ಆಗಿರೋದಿಲ್ಲ. ಆ ಬೇಸರ ಇವತ್ತಿಗೂ ಹೋಗಿಲ್ಲ.

ಮುಗಿಲುನೋಟ ಅವರೇ, ಒಂದು ಕೆಲಸ ಮಾಡಿ. ನಿಮ್ಮ ಒಂದು ಫಿಟ್ಸ್ ಫೈಲಿನ ಪ್ರತಿಯನ್ನು ಸಾದಾ ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆಯಿರಿ. ಮೇಲಿನ ಭಾಗ ಮಾಮೂಲಿ ಅಕ್ಷರಗಳೇ. ಒಂದೊಂದು ಸಾಲಿಗೆ 80 ಅಕ್ಷರ, ಹಳೇ ಪಂಚ್ ಕಾರ್ಡಿನ ಅಳತೆ. ಅದಕ್ಕೇ ಇವತ್ತಿಗೂ ಅದನ್ನು ಕಾರ್ಡ್ ಅಂತಲೇ ಕರೀತಾರೆ. 36 ಕಾರ್ಡಿಗೆ ಒಂದು ಕಟ್ಟು, 2880 ಬೈಟು. ಸಾಲು ಮುರಿಯುವ ಗುರುತು ಇಲ್ಲದಿರೋದರಿಂದ ಒಂದಕ್ಕೊಂದು ಅಂಟಿಕೊಂಡು ಕಾಣುತ್ತವೆ, ಕಿಟಕಿಯನ್ನು 80 ಅಕ್ಷರದ ಅಗಲಕ್ಕೆ ತಂದರೆ ನೀಟಾಗಿ ಕೂರುತ್ತವೆ. ಎಕ್ಸ್‌ಪೋಷರ್, ಗೇನ್ (ಸೆನ್ಸರ್‌ನ ಸಂಕೇತವನ್ನು ಎಷ್ಟು ಹಿಗ್ಗಿಸಿದ್ದು), ಸೆನ್ಸರ್‌ನ ಉಷ್ಣತೆ, ಟೆಲಿಸ್ಕೋಪ್ ನೋಡುತ್ತಿದ್ದ ದಿಕ್ಕು ಎಲ್ಲ ಅಲ್ಲಿರುತ್ತದೆ. ಆರು ತಿಂಗಳ ಮೇಲೆ ಈ ಫ್ರೇಮಿಗೆ ಯಾವ ಡಾರ್ಕ್ ಹೊಂದುತ್ತೆ ಅಂತ ಹುಡುಕುವಾಗ ಅದರಲ್ಲಿ ಮೊದಲ ಮೂರು ಸಾಲೇ ಆಸರೆ. ಏನನ್ನೂ ಬದಲಿಸಿ ಉಳಿಸಬೇಡಿ, ಸುಮ್ನೆ ನೋಡಿ ಮುಚ್ಚಿ.

ಗುರುವಿನ ಪಟ್ಟೆ

8 ಬಿಟ್ ಅಂದರೆ ಯಾವಾಗಲೂ ನಷ್ಟ ಅಂತ ಹೊಸಬರು ತಿಳಿಯಬಾರದು ಅಂತ ಒಂದು ಮಾತು. ನಾನು ತೆಗೆಯೋದು ಗುರು, ಶನಿ, ಚಂದ್ರ. ಎಸ್‌ಇಆರ್ ರೂಪದಲ್ಲಿ ವಿಡಿಯೋ, ಹೆಚ್ಚಿನ ಸಲ 8 ಬಿಟ್ಟಿನಲ್ಲೇ, ಸಾವಿರಾರು ಫ್ರೇಮು. ಅಲ್ಲಿ ಗ್ರಹ ಬೆಳ್ಳಗಿದೆ, ಗೇನ್ ಜಾಸ್ತಿ ಇಟ್ಟಿರುತ್ತೇವೆ, ಒಂದು ಫ್ರೇಮಿನ ನಾಯ್ಸ್ ಒಂದು ಮೆಟ್ಟಿಲಿಗಿಂತ ದೊಡ್ಡದು. ಹಾಗಾಗಿ ಒಂದೇ ಪಿಕ್ಸೆಲ್ ಒಂದು ಸಲ 90, ಇನ್ನೊಂದು ಸಲ 92 ಅಂತ ಅತ್ತಿತ್ತ ಆಡುತ್ತದೆ. ಸಾವಿರ ಫ್ರೇಮಿನ ಸರಾಸರಿ ತೆಗೆದರೆ ನಡುವಿನ ಬೆಲೆ ತಾನಾಗಿ ಬರುತ್ತದೆ. ಸ್ಟ್ಯಾಕ್ ಆದದ್ದನ್ನು ಮಾತ್ರ 16 ಬಿಟ್ಟಿನಲ್ಲಿ ಉಳಿಸಬೇಕು. ಎಸ್‌ಇಆರ್‌ನಲ್ಲಿ ಪ್ರತಿ ಫ್ರೇಮಿನ ಹೊತ್ತನ್ನೂ ಬರೆದಿಡಬಹುದು, ಮಾಮೂಲಿ ಎವಿಐ ವಿಡಿಯೋ ಮಾಡಿದರೆ ಅದು ಹೋಗುತ್ತದೆ.

ಹಳೇ ಟ್ರೈಪಾಡು

ಹೌದು ಸರ್, ಒಳ್ಳೆಯ ಮಾತು. ಎಂ42ರ ಈ ಫ್ರೇಮುಗಳಲ್ಲಿ 8 ಬಿಟ್ಟಿನ ಒಂದು ಮೆಟ್ಟಿಲು ಅಂದರೆ ಕ್ಯಾಮೆರಾದ 16 ಮೆಟ್ಟಿಲು. ಅಲ್ಲಿನ ನಾಯ್ಸ್ ಅದಕ್ಕಿಂತ ಚಿಕ್ಕದಾದರೆ ಪಿಕ್ಸೆಲ್ ಅಷ್ಟಾಗಿ ಅತ್ತಿತ್ತ ಆಡೋದಿಲ್ಲ. ಹೆಚ್ಚಿನ ಫ್ರೇಮಿನಲ್ಲಿ 5 ಅಂದರೆ 5. ಸರಾಸರಿಯಿಂದ ನಡುವಿನ ಬೆಲೆ ಸರಿಯಾಗಿ ಹುಟ್ಟೋದಿಲ್ಲ. ವ್ಯತ್ಯಾಸ ಇರೋದು ಅಲ್ಲೇ.

ಚಿಕ್ಕಿ

ಇದೇ ಜಾಗದಲ್ಲಿ ಕೇಳಬಹುದಾ? ಹಬಲ್ ಟೆಲಿಸ್ಕೋಪಿನ ಒಂದು ಫಿಟ್ಸ್ ಇಳಿಸಿಕೊಂಡೆ. ದೊಡ್ಡ ಫೈಲು, ತೆರೆದರೆ ಖಾಲಿ. ಪರಿವರ್ತನೆಯೂ ಆಗುತ್ತಿಲ್ಲ.

ಕೃತ್ತಿಕೆ

ಫೈಲು ಖಾಲಿ ಇಲ್ಲ. ಒಂದು ಫಿಟ್ಸ್‌ನಲ್ಲಿ ಹಲವು ಭಾಗ ಇರಬಹುದು. ಹಬಲ್ ಫೈಲುಗಳಲ್ಲಿ ಸಾಮಾನ್ಯವಾಗಿ ಮೊದಲ ಭಾಗದಲ್ಲಿ ಬರೀ ಹೆಡರ್. ಚಿತ್ರ ಇರೋದು 'ಎಸ್‌ಸಿಐ' ಅನ್ನೋ ಭಾಗದಲ್ಲಿ. ಜೊತೆಗೆ ದೋಷದ ಅಂದಾಜಿಗೆ, ಕೆಟ್ಟ ಪಿಕ್ಸೆಲ್ ಗುರುತಿಗೆ ಬೇರೆ ಭಾಗಗಳಿರುತ್ತವೆ. ನಿಮ್ಮ ತಂತ್ರಾಂಶ ಮೊದಲನೆಯದನ್ನು ಮಾತ್ರ ನೋಡಿ ವಾಪಸ್ ಬರುತ್ತಿದೆ. ಫಿಟ್ಸ್ ಲಿಬರೇಟರ್‌ನಲ್ಲಿ ತೆರೆದು ಭಾಗ ಆರಿಸಿ, ಅದು ಇಂಥ ಫೈಲುಗಳಿಗೆಂದೇ ಮಾಡಿದ್ದು. ಒಂದೊಂದು ಫಿಲ್ಟರಿಗೂ ಒಂದೊಂದು ಕಪ್ಪುಬಿಳುಪು ಚಿತ್ರ ಸಿಗುತ್ತದೆ, ಬಣ್ಣ ನಾವು ಕೂಡಿಸಿಕೊಳ್ಳಬೇಕು.

ಮುಗಿಲುನೋಟ

ಎರಡು ದಿನ ಆಯಿತು, ಎಲ್ಲವನ್ನೂ ಮಾಡಿ ನೋಡಿ ಬರೆಯುತ್ತಿದ್ದೇನೆ. ಎಲ್ಲರಿಗೂ ತುಂಬಾ ಧನ್ಯವಾದ.

ಮೊದಲು 96 ಫೈಲನ್ನೂ ಬೇರೆ ಡಿಸ್ಕಿಗೆ ಪ್ರತಿ ಮಾಡಿದೆ. ಮಾಡಿದ ಟಿಫ್‌ಗಳನ್ನೆಲ್ಲ ತೆಗೆದುಹಾಕಿದೆ, ಅದರಿಂದಲೇ ಅಷ್ಟೊಂದು ಜಾಗ ಸಿಕ್ಕಿತು.

ಹೆಡರ್ ತೆರೆದು ನೋಡಿದೆ. ಬಿಝೀರೋ ಇದೆ. ಬೇಯರ್‌ಪ್ಯಾಟ್ ಇದೆ. 'ರೋಆರ್ಡರ್ = ಟಾಪ್-ಡೌನ್' ಅಂತಲೂ ಇದೆ. ಟಿಫ್ ಮಾಡಿದ ತಂತ್ರಾಂಶ ಅದನ್ನು ನೋಡದೆ ಕೆಳಗಿನಿಂದ ಅಂದುಕೊಂಡು ತಿರುಗಿಸಿತ್ತು ಅಂತ ಈಗ ಅರ್ಥವಾಯಿತು. ಸೆನ್ಸರ್ ಉಷ್ಣತೆಯ ಸಾಲು ನೋಡುವಾಗ ಇನ್ನೊಂದು ಗೊತ್ತಾಯಿತು. ಮೊದಲ ಮೂರು ಫ್ರೇಮು ತೆಗೆಯುವಾಗ ಸೆನ್ಸರ್ ಇನ್ನೂ ಪೂರ್ತಿ ತಂಪಾಗಿರಲಿಲ್ಲ. ಆ ಮೂರನ್ನು ಬಿಟ್ಟು 93 ಫ್ರೇಮನ್ನು ಸ್ಟ್ಯಾಕ್ ಮಾಡಿದೆ. ಟಿಫ್ ಆಗಿದ್ದರೆ ಇದು ನನಗೆ ತಿಳಿಯುತ್ತಲೇ ಇರಲಿಲ್ಲ.

ನೀಹಾರಿಕೆ ಕೆಂಪಗೆ ಬಂದಿದೆ. ಸ್ಟ್ರೆಚ್ ಮಾಡಿ ನೋಟವನ್ನು ಲೀನಿಯರ್‌ಗೆ ತಿರುಗಿಸಿದಾಗ ಚಿತ್ರ ಹಾಗೇ ನಿಂತಿತು. ಒಂದು ಕ್ಷಣ ಕೈ ಮೌಸ್ ಮೇಲೇ ಇತ್ತು. ಆಮೇಲೆ 16 ಬಿಟ್ ಟಿಫ್, ಅದರಿಂದ ಜೆಪೆಗ್. ಕುತೂಹಲಕ್ಕೆ ಜೆಪೆಗ್‌ನಲ್ಲಿ ಅದೇ ಎರಡು ಜಾಗ ನೋಡಿದೆ. ಖಾಲಿ ಆಕಾಶ 25, ರೆಕ್ಕೆ 41. ಮೊದಲು ಎರಡೂ 5 ಆಗಿದ್ದವು. ರೆಕ್ಕೆಯ ಹೊರ ಅಂಚಿನಲ್ಲಿ ಹೊಗೆಯ ಎಳೆಯಂಥ ಒಂದು ಗೆರೆ ಕೂಡ ಕಾಣುತ್ತಿದೆ.

ನಡುವಿನ ನಾಲ್ಕು ನಕ್ಷತ್ರಗಳ ಗುಂಪು ಮಾತ್ರ ಒಂದೇ ಬಿಳಿ ಮುದ್ದೆ. 65520ಕ್ಕೆ ಹೋಗಿ ನಿಂತದ್ದರೊಳಗೆ ಏನೂ ಉಳಿದಿಲ್ಲ, ಯಾವ ಫೈಲು ಮಾಡಿದರೂ ವಾಪಸ್ ಬರೋದಿಲ್ಲ ಅಂತ ಗೊತ್ತಾಯಿತು. ಮುಂದಿನ ಸಲ 5 ಸೆಕೆಂಡಿನ ಫ್ರೇಮುಗಳನ್ನೂ ತೆಗೆದು ನಡುವಿಗೆ ಅದನ್ನು ಸೇರಿಸುತ್ತೇನೆ. ಇವತ್ತು ಮೋಡ ಮುಚ್ಚಿದೆ. ಆ 5 ಸೆಕೆಂಡಿನ ಡಾರ್ಕ್‌ಗಳನ್ನು ಈಗಲೇ ತೆಗೆದಿಡುತ್ತಿದ್ದೇನೆ, ಟೆಲಿಸ್ಕೋಪಿಗೆ ಟೋಪಿ ಹಾಕಿಯೇ ತೆಗೆಯೋದು ಅಲ್ವಾ.